ಮುದಿ ಬೆಕ್ಕಿನ ಮಲಬದ್ಧತೆ: ನಾನು ಮಾಡಿದ್ದು, ಮಾಡದೆ ಬಿಟ್ಟದ್ದು

ನಮ್ಮ ಕೆಂಚನಿಗೆ ಈಗ 16 ವರ್ಷ. ಅವನ ಮರಳಿನ ತಟ್ಟೆಯಲ್ಲಿ ಮಲವು ಆಡಿನ ಹಿಕ್ಕೆಯಂತೆ ಒಣಗಿ ಉಂಡೆಯುಂಡೆಯಾಗಿ ಕಾಣತೊಡಗಿದಾಗಲೇ ನನಗೆ ಅನುಮಾನ ಬಂದಿತ್ತು. ಬರಬರುತ್ತಾ ತಿಣುಕುವುದು ಹೆಚ್ಚಿತು. ತಿಣುಕಿ ತಿಣುಕಿ ಕೆಲವೊಮ್ಮೆ ವಾಂತಿಯನ್ನೂ ಮಾಡುತ್ತಿದ್ದ.

ನಾನು ಮೊದಲು ನೋಡಿದ್ದು ಮೂತ್ರ ಹೋಗುತ್ತಿದೆಯೇ ಎಂದು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡರೂ ಅದು ಹೀಗೆಯೇ ಕುಳಿತು ತಿಣುಕುತ್ತದೆ, ಮನೆಯವರು ಮಲಬದ್ಧತೆ ಎಂದುಕೊಳ್ಳುತ್ತಾರೆ. ಅದು ಒಂದೆರಡು ದಿನಗಳಲ್ಲೇ ಜೀವ ತೆಗೆಯಬಲ್ಲದು. ಒದ್ದೆ ಮರಳು ಕಾಣದಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಬೇಕು.

ಕೆಂಚನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಶ್ಮಲ, ಹೆಚ್ಚಿತ್ತು. ಮೂತ್ರಪಿಂಡ ಸೋತಿದೆ, ನೀರನ್ನು ಹಿಡಿದಿಡಲಾರದು. ಆ ಕೊರತೆ ತುಂಬಿಕೊಳ್ಳಲು ದೇಹವು ದೊಡ್ಡ ಕರುಳಿನಲ್ಲಿರುವ ಮಲದಿಂದ ನೀರು ಹೀರುತ್ತದೆ, ಉಳಿಯುವುದು ಕಲ್ಲು ಎಂದು ವೈದ್ಯರು ವಿವರಿಸಿದರು. ಅಂದಿನಿಂದ ನನ್ನ ಗಮನವೆಲ್ಲ ನೀರಿನ ಮೇಲೆ.

ಒಣ ಕಾಳಿನ ಆಹಾರದಲ್ಲಿ ನೀರಿರುವುದು ನೂರಕ್ಕೆ ಹತ್ತರಷ್ಟು ಮಾತ್ರ. ಪೊಟ್ಟಣದ ಹಸಿ ಆಹಾರದಲ್ಲಿ ಮುಕ್ಕಾಲು ಪಾಲು ನೀರೇ. ಹಾಗಾಗಿ ಕಾಳನ್ನು ನಿಧಾನವಾಗಿ ಬಿಡಿಸಿ, ಮೂತ್ರಪಿಂಡದ ತೊಂದರೆಗೆಂದೇ ಇರುವ ಹಸಿ ಆಹಾರಕ್ಕೆ ಇನ್ನಷ್ಟು ಬಿಸಿನೀರು ಬೆರೆಸಿ ಕೊಡುತ್ತೇನೆ. ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ಹಟಮಾರಿಯೂ ಬಾಯಿ ಹಾಕುತ್ತಾನೆ. ಆಗಾಗ ಕೋಳಿ ಬೇಯಿಸಿದ ನೀರನ್ನು ಸ್ವಲ್ಪ ಸೇರಿಸುತ್ತೇನೆ, ಉಪ್ಪಿಲ್ಲದೆ. ಈರುಳ್ಳಿ, ಬೆಳ್ಳುಳ್ಳಿ ಸೋಕಲೇಬಾರದು. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಇದಿಷ್ಟೂ ಸಾಲದೆ ಹೋದಾಗ ವೈದ್ಯರು ಚರ್ಮದಡಿಗೆ ರಿಂಗರ್ ಲ್ಯಾಕ್ಟೇಟ್ ಎಂಬ ಲವಣಗಳ ದ್ರಾವಣ ಕೊಡುವುದನ್ನು ಕಲಿಸಿದರು. ಚೀಲವನ್ನು ಮೈ ಬಿಸಿಗೆ ತಂದು ಕಿಟಕಿಯ ಸರಳಿಗೆ ತೂಗುಹಾಕುತ್ತೇನೆ. ಹೆಗಲ ನಡುವಿನ ಚರ್ಮವನ್ನು ಎತ್ತಿ ಹಿಡಿದು ಸೂಜಿ ಚುಚ್ಚಬೇಕು. ಅಲ್ಲಿ ಉಬ್ಬಿದ ನೀರು ಕೆಲವೊಮ್ಮೆ ಮುಂಗಾಲಿನತ್ತ ಜಾರುತ್ತದೆ. ಕೆಲವು ಗಂಟೆಗಳಲ್ಲಿ ಹೀರಿಕೊಳ್ಳುತ್ತದೆ, ಹೆದರಬೇಕಾಗಿಲ್ಲ.

ಔಷಧವೆಂದರೆ ಲ್ಯಾಕ್ಟುಲೋಸ್ ಸಿರಪ್. ಅದು ಕರುಳಿನೊಳಗೆ ನೀರನ್ನು ಸೆಳೆದು ಮಲವನ್ನು ಮೆತ್ತಗಾಗಿಸುತ್ತದೆ. ಸೂಜಿಯಿಲ್ಲದ ಸಿರಿಂಜನ್ನು ಬಾಯಿಯ ಪಕ್ಕದಿಂದ ತೂರಿಸಿ ಸ್ವಲ್ಪ ಸ್ವಲ್ಪವೇ ಬಿಡುತ್ತೇನೆ. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು, ಏಕೆಂದರೆ ಹೆಚ್ಚಾದರೆ ಭೇದಿಯಾಗಿ ಇರುವ ನೀರೂ ಹೋಗುತ್ತದೆ.

ನಾರಿನಂಶ ಕೊಡಿ, ಇಸಬಗೋಲ್ ಹಾಕಿ ಎಂದು ಹಲವರು ಹೇಳಿದರು. ಮೈಯಲ್ಲಿ ನೀರಿಲ್ಲದ ಬೆಕ್ಕಿಗೆ ಅದರಿಂದ ಮಲದ ಗಾತ್ರ ಹೆಚ್ಚುತ್ತದೆಯೇ ಹೊರತು ದಾರಿ ಸಿಗುವುದಿಲ್ಲ. ನಾನು ಕೊಡಲಿಲ್ಲ. ಹರಳೆಣ್ಣೆಯನ್ನೂ ಕೊಡಲಿಲ್ಲ. ಪ್ಯಾರಾಫಿನ್ ಎಣ್ಣೆಯನ್ನು ಬಲವಂತವಾಗಿ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಇನ್ನು ಮನುಷ್ಯರಿಗಾಗಿ ಮಾರುವ ಫಾಸ್ಫೇಟ್ ಎನಿಮಾ ಬೆಕ್ಕಿಗೆ ವಿಷ. ರಕ್ತದಲ್ಲಿ ಫಾಸ್ಫೇಟ್ ಏರಿ, ಕ್ಯಾಲ್ಸಿಯಂ ಕುಸಿದು ಬೆಕ್ಕು ಸಾಯಬಹುದು. ದಯವಿಟ್ಟು ಯಾರೂ ಅದನ್ನು ಮನೆಯಲ್ಲಿ ಪ್ರಯೋಗಿಸಬೇಡಿ. ಕೆಂಚನಿಗೆ ಎನಿಮಾ ಬೇಕಾದಾಗ ಆಸ್ಪತ್ರೆಯಲ್ಲಿ ಮಂಪರು ಕೊಟ್ಟು ಮಾಡಿದರು.

ಮಂಡಿಯ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಸಂಧಿವಾತದ ಬೆಕ್ಕಿಗೆ ಎತ್ತರದ ಅಂಚು ದಾಟುವುದೂ ಬಗ್ಗಿ ಕೂರುವುದೂ ನೋವು. ನೋವಿಗೆ ಹೆದರಿ ತಡೆದುಕೊಳ್ಳುತ್ತದೆ, ತಡೆದಷ್ಟೂ ಮಲ ಒಣಗುತ್ತದೆ. ತಟ್ಟೆಯ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿ, ಅವನು ಮಲಗುವ ಕೋಣೆಯಲ್ಲೇ ಇಟ್ಟೆ. ವೈದ್ಯರು ನೋವಿಗೂ ಔಷಧ ಆರಂಭಿಸಿದರು. ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರ ಬೆಕ್ಕಿಗೆ ಒಂದು ಚೂರೂ ಸಲ್ಲದು.

ಈಗ ಕ್ಯಾಲೆಂಡರಿನಲ್ಲಿ ಅವನು ಮಲ ಮಾಡಿದ ದಿನಕ್ಕೆ ಗುರುತು ಹಾಕುತ್ತೇನೆ. ಎರಡು ದಿನ ಖಾಲಿ ಉಳಿದರೆ ವೈದ್ಯರಿಗೆ ಫೋನ್ ಮಾಡುತ್ತೇನೆ. ಜೊತೆಗೆ ವಾಂತಿಯಾದರೆ ಅಥವಾ ಊಟ ಬಿಟ್ಟರೆ ಎರಡನೆಯ ದಿನಕ್ಕೂ ಕಾಯುವುದಿಲ್ಲ.