1941ರ ಬೇಸ್‌ಬಾಲ್ ಋತುವನ್ನು ಮರಳಿ ಓದುವ ಬಗೆ

ಅಮೆರಿಕದ 1941ರ ಬೇಸ್‌ಬಾಲ್ ಋತುವನ್ನು ಅರಿಯಬಯಸುವವರು ದಾಖಲೆಗಳ ಪಟ್ಟಿಯನ್ನು ಬದಿಗಿಟ್ಟು, ದಿನದಿನದ ಪಂದ್ಯಗಳ ಅಂಕಪಟ್ಟಿಯಿಂದಲೇ ಆರಂಭಿಸಬೇಕು. ಮೊದಲು ಮೇ 15ರಿಂದ ಜುಲೈ 16ರವರೆಗಿನ ನ್ಯೂಯಾರ್ಕ್ ಯಾಂಕೀಸ್ ತಂಡದ ಪಂದ್ಯಗಳನ್ನು ಸಾಲಾಗಿ ನೋಡಿರಿ. ಆ ತಂಡದ ಜೋ ಡಿಮಾಜಿಯೊ ಸತತ 56 ಪಂದ್ಯಗಳಲ್ಲಿ ಒಂದಾದರೂ ಹಿಟ್ (ಚೆಂಡನ್ನು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪುವುದು) ಗಳಿಸಿದ ಪರಿ ಆಗ ಮನದಟ್ಟಾಗುತ್ತದೆ. ಮರುದಿನ ಕ್ಲೀವ್‌ಲ್ಯಾಂಡ್‌ನಲ್ಲಿ ಆ ಸರಣಿ ಮುರಿಯಿತು.

ಬಳಿಕ ಸೆಪ್ಟೆಂಬರ್ 28ಕ್ಕೆ ಬನ್ನಿರಿ. ಇಲ್ಲಿ ತುಸು ಹೊತ್ತು ನಿಲ್ಲುವುದು ಒಳಿತು. ಅಂದು ಬೆಳಿಗ್ಗೆ ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್ ಅವರ ಬ್ಯಾಟಿಂಗ್ ಸರಾಸರಿ (ಯತ್ನಗಳಲ್ಲಿ ಹಿಟ್‌ಗಳ ಪಾಲು) .39955 ಇತ್ತು; ದಶಮಾಂಶದ ಮೂರನೇ ಸ್ಥಾನಕ್ಕೆ ಸರಿಹೊಂದಿಸಿದರೆ ಅದು .400 ಆಗುತ್ತಿದ್ದುದರಿಂದ, ಅವರು ಆಡದೆ ಕುಳಿತಿದ್ದರೂ .400ರ ಮೈಲಿಗಲ್ಲು ಕೈತಪ್ಪುತ್ತಿರಲಿಲ್ಲ. ಆದರೂ ಫಿಲಡೆಲ್ಫಿಯಾದಲ್ಲಿ ಎರಡೂ ಪಂದ್ಯಗಳನ್ನಾಡಿ, 8 ಯತ್ನಗಳಲ್ಲಿ 6 ಹಿಟ್ ಗಳಿಸಿ .406ಕ್ಕೆ ಏರಿದರು. ನನ್ನ ಮಟ್ಟಿಗೆ ಡಿಮಾಜಿಯೊ ಅವರ 56ಕ್ಕಿಂತ ಇದೇ ಹಿರಿದು.

ಓದುವಾಗ ಯುದ್ಧದ ದಿನಾಂಕಗಳನ್ನೂ ಪಕ್ಕದಲ್ಲಿ ಬರೆದುಕೊಳ್ಳಿರಿ. ಡೆಟ್ರಾಯಿಟ್ ತಂಡದ ಆಟಗಾರ ಹ್ಯಾಂಕ್ ಗ್ರೀನ್‌ಬರ್ಗ್ ಮೇ ತಿಂಗಳಲ್ಲೇ ಸೇನೆ ಸೇರಿ, ಡಿಸೆಂಬರ್ 5ರಂದು ಬಿಡುಗಡೆ ಹೊಂದಿದರು; 7ರಂದು ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ಬಳಿಕ ತಾವಾಗಿಯೇ ಸೇನೆಗೆ ಮರಳಿದರು. ಕ್ಲೀವ್‌ಲ್ಯಾಂಡ್‌ನ ಪಿಚರ್ (ಚೆಂಡೆಸೆಯುವ ಆಟಗಾರ) ಬಾಬ್ ಫೆಲ್ಲರ್ ದಾಳಿಯ ಬೆನ್ನಲ್ಲೇ ನೌಕಾಪಡೆಗೆ ಸೇರಿಕೊಂಡರು.