ಅಮಾಂಡಾವನ್ನು ಮೂಲದಿಂದಲೇ ಕಟ್ಟಿ ಟೇಪ್ ಬ್ಯಾಕಪ್ ಸಜ್ಜುಗೊಳಿಸಿದ ನನ್ನ ಅನುಭವ

ಮೈಸೂರಿನ ನಮ್ಮ ಸ್ಕ್ಯಾನಿಂಗ್ ಘಟಕದಲ್ಲಿ ಹಳೆಯ ದಾಖಲೆ, ನಕ್ಷೆ, ಪುಸ್ತಕಗಳ ಚಿತ್ರಗಳೇ ಆರೇಳು ಟೆರಾಬೈಟ್ ಇವೆ. ಹದಿನೈದು ಚಿಲ್ಲರೆ ಯಂತ್ರಗಳಿಂದ ಅವನ್ನೆಲ್ಲ ಎಳೆದು ರಾತ್ರಿ ರಾತ್ರಿ ಟೇಪಿಗೆ ಹಾಕುತ್ತೇನೆ, ಅದೂ ಹಣ ಕೊಡಬೇಕಾಗಿಲ್ಲದ ಅಮಾಂಡಾ ಎಂಬ ಬ್ಯಾಕಪ್ ತಂತ್ರಾಂಶದಿಂದ ಎಂದಾಗ ನಂಬಿದವರು ಕಡಿಮೆ. ಟೇಪಿನ ಕಾಲ ಮುಗಿಯಿತು, ನಾಲ್ಕು ಹಾರ್ಡ್ ಡಿಸ್ಕ್ ತಂದಿಡಿ ಎಂದರು ಬೆಂಗಳೂರಿನ ಗೆಳೆಯರು. ಮಾರಾಟಗಾರರೊಬ್ಬರು ಮೂರೂವರೆ ಲಕ್ಷದ ಕೊಟೇಶನ್ ಕೊಟ್ಟು, ವರ್ಷ ವರ್ಷವೂ ಪರವಾನಗಿ ಶುಲ್ಕ ಬೇರೆ ಎಂದರು. ನಮ್ಮ ಯಜಮಾನರು ಎರಡೂ ಮಾತು ಕೇಳಿ, ‘ಒಂದು ಲಕ್ಷದ ಆಸುಪಾಸಿನಲ್ಲಿ ಮುಗಿಸುವುದಾದರೆ ಮಾಡಿ’ ಎಂದರು. ಮುಗಿಸಿದೆ. ಏಳೆಂಟು ತಿಂಗಳಿಂದ ನಡೆಯುತ್ತಿದೆ. ಒಂದು ಯಂತ್ರದ ಡಿಸ್ಕ್ ಪೂರ್ತಿ ಸತ್ತಾಗ ಮಾರನೆಯ ದಿನ ಮಧ್ಯಾಹ್ನದೊಳಗೆ ಎಲ್ಲವನ್ನೂ ಟೇಪಿನಿಂದ ವಾಪಸು ತಂದು ಕೊಟ್ಟೆ. ಅಲ್ಲಿಂದೀಚೆಗೆ ಟೇಪಿನ ಕಾಲದ ಮಾತು ಯಾರೂ ಎತ್ತಿಲ್ಲ.

ಅಮಾಂಡಾದ ಬಗ್ಗೆ ಇಲ್ಲಿ ಹೆಚ್ಚು ವಿವರಿಸುವುದಿಲ್ಲ. ಜಾಲದ ಹಲವು ಯಂತ್ರಗಳ ಕಡತಗಳನ್ನು ಒಂದು ಸರ್ವರಿಗೆ ಎಳೆದು ಟೇಪಿಗೆ ಬರೆಯುವ ತಂತ್ರಾಂಶ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ್ದು, ಇಂದಿಗೂ ಗಟ್ಟಿಯಾಗಿದೆ, ಅಷ್ಟು ಸಾಕು. ನಾನು ಹೇಳಬೇಕಾದದ್ದು ಬೇರೆ. ಇದರಲ್ಲಿ ಗೆಲುವು ಸೋಲು ಬಹುಮಟ್ಟಿಗೆ ತೀರ್ಮಾನವಾಗುವುದು ಮೂಲದಿಂದ ಕಟ್ಟುವ (ಕಂಪೈಲ್ ಮಾಡುವ) ಮೊದಲು ಓಡಿಸುವ ಕಾನ್ಫಿಗರ್ ಸ್ಕ್ರಿಪ್ಟಿಗೆ ನೀವು ಕೊಡುವ ಆಯ್ಕೆಗಳಲ್ಲಿ. ಸಿದ್ಧ ಪ್ಯಾಕೇಜ್ ಹಾಕಿಕೊಂಡರೆ ಆ ತೀರ್ಮಾನಗಳನ್ನು ಬೇರೆ ಯಾರೋ ಆಗಲೇ ಮಾಡಿಬಿಟ್ಟಿರುತ್ತಾರೆ. ಎಲ್ಲ ಯಂತ್ರಗಳೂ ಒಂದೇ ಜಾತಿಯವಾದರೆ ಅದರಿಂದ ತೊಂದರೆಯಿಲ್ಲ. ನಮ್ಮಲ್ಲಿ ಕಾರ್ಯಾಚರಣ ವ್ಯವಸ್ಥೆಗಳೇ ಮೂರು ಬಗೆ: ಡೆಬಿಯನ್ ಇದೆ, ಹಳೆಯ ಸೆಂಟ್‌ಓಎಸ್ ಇದೆ, ಎರಡು ಫ್ರೀಬಿಎಸ್‌ಡಿ ಇವೆ. ಡೆಬಿಯನ್ನಿನ ಪ್ಯಾಕೇಜ್ ‘ಬ್ಯಾಕಪ್’ ಎಂಬ ಬಳಕೆದಾರನಾಗಿ ಓಡುತ್ತದೆ, ಸೆಂಟ್‌ಓಎಸ್ಸಿನದು ‘ಅಮಾಂಡಾಬ್ಯಾಕಪ್’ ಎಂಬ ಹೆಸರಿನಲ್ಲಿ, ಫ್ರೀಬಿಎಸ್‌ಡಿಯದು ‘ಆಪರೇಟರ್’ ಆಗಿ. ಪ್ರತಿ ಯಂತ್ರದಲ್ಲೂ ಸರ್ವರಿನ ಕೋರಿಕೆಗೆ ಓಗೊಡುವ ‘ಅಮಾಂಡಾಡಿ’ ಕುಳಿತಿರುವ ಜಾಗವೂ ಮೂರು ಕಡೆ ಮೂರು ಬಗೆ. ಇವುಗಳ ನಡುವೆ ಹೊಂದಾಣಿಕೆ ತರಲು ಪ್ರತಿ ಯಂತ್ರಕ್ಕೂ ಬೇರೆ ಬೇರೆ ಡಂಪ್‌ಟೈಪ್ (ಹೇಗೆ ಬ್ಯಾಕಪ್ ಮಾಡಬೇಕೆಂಬ ಸೂಚನೆಗಳ ಗುಚ್ಛ) ಬರೆಯುತ್ತಾ ಹೋಗಬಹುದು. ನನಗಿಂತ ಮೊದಲು ಇದ್ದವರು ಹಾಗೆಯೇ ಮಾಡಿದ್ದರು. ಎಲ್ಲ ಸರಿಯಿದೆಯೇ ಎಂದು ನೋಡುವ ಅಮ್‌ಚೆಕ್ ಓಡಿಸಿದರೆ ಪ್ರತಿದಿನ ಒಂದು ಯಂತ್ರ ಮುನಿಸಿಕೊಂಡಿರುತ್ತಿತ್ತು, ಯಾವುದು ಎಂಬುದಷ್ಟೇ ಬದಲಾಗುತ್ತಿತ್ತು.

ಹಾಗಾಗಿ 3.5.1ರ ಮೂಲವನ್ನು ಇಳಿಸಿಕೊಂಡು ಎಲ್ಲ ಕಡೆಯೂ ಒಂದೇ ಬಳಕೆದಾರ, ಒಂದೇ ಪ್ರಿಫಿಕ್ಸ್ (ಅನುಸ್ಥಾಪನೆಯ ಮೂಲ ಡೈರೆಕ್ಟರಿ), ಒಂದೇ ದೃಢೀಕರಣ ಎಂದು ನಿಶ್ಚಯಿಸಿದೆ. ‘ವಿತ್-ಯೂಸರ್’, ‘ವಿತ್-ಗ್ರೂಪ್’ ಎರಡನ್ನೂ ಕೊಡದೆ ಕಾನ್ಫಿಗರ್ ಮುಂದೆ ಸಾಗುವುದೇ ಇಲ್ಲ, ಅದು ಗೊತ್ತಿರುವುದೇ. ಗುಂಪಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಿ. ಕಡತ ಕಡತವಾಗಿ ಎತ್ತುವ ಟಾರ್ ಬಳಸುವವರಿಗೆ ‘ಡಿಸ್ಕ್’ ಗುಂಪಿನ ಅಗತ್ಯ ಅಷ್ಟಾಗಿಲ್ಲ, ಡಿಸ್ಕನ್ನೇ ನೇರವಾಗಿ ಓದುವ ಡಂಪ್ ಬಳಸುವವರಿಗೆ ಅದು ಬೇಕೇ ಬೇಕು. ಆದರೆ ಟೇಪ್ ಡ್ರೈವೂ ಟೇಪು ಬದಲಿಸುವ ರೋಬೋಟೂ ಲಿನಕ್ಸಿನಲ್ಲಿ ‘ಟೇಪ್’ ಗುಂಪಿನವು. ಕಟ್ಟುವಾಗ ‘ಡಿಸ್ಕ್’ ಎಂದು ಕೊಟ್ಟು, ಸರ್ವರಿನಲ್ಲಿ ಬಳಕೆದಾರನನ್ನು ‘ಟೇಪ್’ ಗುಂಪಿಗೂ ಸೇರಿಸಿದೆ. ಡ್ರೈವಿಗೆ ಅನುಮತಿ ಇಲ್ಲವೆಂದು ಎಲ್ಲವನ್ನೂ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲ ದೊಡ್ಡ ಸೋಲು ಅನುಸ್ಥಾಪನೆಯಲ್ಲೇ ಬಂತು. ಒಂದು ಯಂತ್ರದಲ್ಲಿ ಕಟ್ಟಿ, ಅದೇ ಡೈರೆಕ್ಟರಿಯನ್ನು ಎನ್‌ಎಫ್‌ಎಸ್ (ಜಾಲದ ಮೇಲೆ ಕಡತ ಹಂಚುವ ವ್ಯವಸ್ಥೆ) ಮೂಲಕ ಉಳಿದವಕ್ಕೆ ತೋರಿಸಿದರೆ ಕೆಲಸ ಹಗುರವಾಗುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಚೆನ್ನಾಗಿತ್ತು. ಅಮಾಂಡಾದ ಕೆಲವು ಕಾರ್ಯಕ್ರಮಗಳು, ಮುಖ್ಯವಾಗಿ ಟಾರನ್ನು ಓಡಿಸುವ ರನ್‌ಟಾರ್, ಸೆಟ್‌ಯುಐಡಿ ರೂಟ್ ಆಗಿರಲೇಬೇಕು, ಅಂದರೆ ಯಾರು ಓಡಿಸಿದರೂ ರೂಟಿನ ಅಧಿಕಾರದಲ್ಲಿ ನಡೆಯಬೇಕು. ದೂರದ ರೂಟಿನ ಅಧಿಕಾರ ಕಿತ್ತುಕೊಳ್ಳುವ ಎನ್‌ಎಫ್‌ಎಸ್‌ನ ರೂಟ್ ಸ್ಕ್ವಾಷ್ ಅದನ್ನು ಒಪ್ಪಲಿಲ್ಲ. ಒಪ್ಪಿಸಿದ ಕಡೆ ಸೆಟ್‌ಯುಐಡಿಯನ್ನೇ ಕಡೆಗಣಿಸುವ ನೋಸ್ಯೂಐಡಿ ಮೌಂಟ್ ಅಡ್ಡ ಬಂತು. ಆಮೇಲೆ ಕಟ್ಟಿದ್ದನ್ನು ಟಾರ್ ಮಾಡಿ ಕಳುಹಿಸಿ ನೋಡಿದೆ. ರೂಟ್ ಆಗಿ ಬಿಚ್ಚಿದ ಯಂತ್ರಗಳಲ್ಲಿ ಸರಿಯಾಯಿತು, ಸಹಾಯಕರು ಸಾಮಾನ್ಯ ಬಳಕೆದಾರರಾಗಿ ಬಿಚ್ಚಿದ ಕಡೆ ಅನುಮತಿಗಳೆಲ್ಲ ಉದುರಿಹೋದವು. ಕೊನೆಗೆ ಪ್ರತಿ ಬಗೆಯ ವ್ಯವಸ್ಥೆಗೆ ಒಂದೊಂದರಂತೆ ಮೂರು ಕಟ್ಟಣೆ ಮಾಡಿ, ಆಯಾ ಯಂತ್ರದ ಮೇಲೆಯೇ ರೂಟ್ ಆಗಿ ‘ಮೇಕ್ ಇನ್‌ಸ್ಟಾಲ್’ ಓಡಿಸಿದೆ. ಆಯ್ಕೆಗಳ ಸಾಲನ್ನು ಒಂದು ಸಣ್ಣ ಸ್ಕ್ರಿಪ್ಟಿನಲ್ಲಿ ಇಟ್ಟುಕೊಂಡಿದ್ದೇನೆ. ಕಾನ್ಫಿಗ್ ಲಾಗಿನ ಆರಂಭದಲ್ಲೂ ಆ ಸಾಲು ಉಳಿದಿರುತ್ತದೆ. ‘ಅಮ್‌ಗೆಟ್‌ಕಾನ್ಫ್’ಗೆ ಬಿಲ್ಡ್ ವಿವರ ಕೇಳಿದರೆ ಯಾವ ಯಂತ್ರದಲ್ಲಿ ಏನು ಕಟ್ಟಿದ್ದೀರಿ ಎಂದು ಅದೇ ಹೇಳುತ್ತದೆ. ಇದು ಅನೇಕರಿಗೆ ಗೊತ್ತಿಲ್ಲ.

ಪ್ರಿಫಿಕ್ಸ್ ಒಂದನ್ನೇ ಕೊಟ್ಟು ಸುಮ್ಮನಾದರೆ ಬದಲಾಗುತ್ತಿರುವ ಕಡತಗಳನ್ನು ಇಡುವ ವರ್ ಡೈರೆಕ್ಟರಿಯೂ ಅದರ ಒಳಗೇ ಹೋಗಿ ಕುಳಿತುಕೊಳ್ಳುತ್ತದೆ. ಟಾರ್ ತನ್ನ ಇನ್‌ಕ್ರಿಮೆಂಟಲ್ (ಹಿಂದಿನ ಬಾರಿಯಿಂದ ಬದಲಾದದ್ದನ್ನಷ್ಟೇ ಎತ್ತುವ) ಲೆಕ್ಕ ಇಡುವ ಪಟ್ಟಿಗಳು ಅಲ್ಲಿರುತ್ತವೆ. ‘ವಿತ್-ಗ್ನುಟಾರ್-ಲಿಸ್ಟ್‌ಡಿರ್’ ಕೊಟ್ಟು ಅವನ್ನು ವರ್ ಲಿಬ್ ಅಡಿಗೆ ತನ್ನಿ. ಹಿಂದಿನವರು ಒಂದು ಯಂತ್ರದಲ್ಲಿ ಆ ಪಟ್ಟಿಗಳನ್ನು ತಾತ್ಕಾಲಿಕ ಕಡತಗಳ ಟಿಎಂಪಿ ಅಡಿ ಇಟ್ಟಿದ್ದರು; ಕರೆಂಟು ಹೋಗಿ ಬಂದಾಗಲೆಲ್ಲ ಅವು ಅಳಿಸಿಹೋಗುತ್ತಿದ್ದವು. ಪಟ್ಟಿ ಸಿಗದಿದ್ದರೆ ಅಮಾಂಡಾ ಕೂಗಾಡುವುದಿಲ್ಲ, ಎಲ್ಲವನ್ನೂ ಹೊಸದೆಂದು ಬಗೆದು ಪೂರ್ತಿ ಎತ್ತುತ್ತದೆ. ಲೆವೆಲ್ 1 (ಬದಲಾದದ್ದು ಮಾತ್ರ) ಎಂದು ವರದಿಯಲ್ಲಿ ಬರುತ್ತದೆ, ಗಾತ್ರ ನೋಡಿದರೆ ಪೂರ್ತಿ ಡಂಪಿನ, ಅಂದರೆ ಲೆವೆಲ್ ಸೊನ್ನೆಯದು. ಟೇಪು ಯಾಕೆ ತುಂಬುತ್ತಿದೆ ಎಂದು ತಿಂಗಳುಗಟ್ಟಲೆ ಯಾರಿಗೂ ತಿಳಿದಿರಲಿಲ್ಲ. ಡೀಬಗ್ ಕಡತಗಳಿಗೂ ಇದೇ ಮಾತು: ‘ವಿತ್-ಡೀಬಗಿಂಗ್’ ಕೊಟ್ಟು ವರ್ ಲಾಗ್ ಅಡಿಗೆ ಕಳುಹಿಸಿ. ತೊಂದರೆಯ ಮರುದಿನ ಬೆಳಗ್ಗೆ ಅವು ಕೈಗೆ ಸಿಗಬೇಕು.

ಫ್ರೀಬಿಎಸ್‌ಡಿಯಲ್ಲಿ ವ್ಯವಸ್ಥೆಯ ಜೊತೆ ಬರುವ ಟಾರ್ ಗ್ನು ಟಾರ್ ಅಲ್ಲ. ಜಿಟಾರ್ ಹಾಕಿ, ಅದರ ಪೂರ್ತಿ ದಾರಿಯನ್ನು ‘ವಿತ್-ಗ್ನುಟಾರ್’ಗೆ ಕೊಡಿ. ಹೊಸ ಆವೃತ್ತಿಗಳಲ್ಲಿ ಅಮಾಂಡಾ ಸೆಕ್ಯೂರಿಟಿ ಕಡತವೊಂದಿದೆ. ಅದು ರೂಟಿನ ಒಡೆತನದಲ್ಲಿರಬೇಕು, ಬೇರೆ ಯಾರಿಗೂ ಬರೆಯುವ ಅನುಮತಿ ಇರಬಾರದು. ಕಟ್ಟುವಾಗ ಹೇಳಿದ್ದಕ್ಕಿಂತ ಬೇರೆ ಟಾರ್ ಬಳಸುವುದಾದರೆ ಅದರ ದಾರಿಯನ್ನು ಅಲ್ಲಿಯೂ ಬರೆಯಬೇಕು. ಪರ್ಲ್ ಮಾಡ್ಯೂಲುಗಳಿಗೆ ‘ವಿತ್-ಅಮ್‌ಪರ್ಲ್‌ಡಿರ್’ ಕೊಟ್ಟು ಪ್ರಿಫಿಕ್ಸಿನ ಒಳಗೇ ಇಟ್ಟಿದ್ದೇನೆ. ಡೆಬಿಯನ್ ಮೇಲ್ದರ್ಜೆಗೆ ಏರಿಸಿದಾಗ ಪರ್ಲ್ ಬದಲಾಗುತ್ತದೆ, ಹಳೆಯ ಪರ್ಲಿಗೆ ಕಟ್ಟಿದ ಮಾಡ್ಯೂಲುಗಳು ಹೊಸದರಲ್ಲಿ ಏಳುವುದಿಲ್ಲ, ಮತ್ತೆ ಕಟ್ಟಲೇಬೇಕು. ಒಂದೇ ಡೈರೆಕ್ಟರಿಯಲ್ಲಿದ್ದರೆ ಅಳಿಸಿ ಕಟ್ಟುವುದು ಹತ್ತು ನಿಮಿಷದ ಕೆಲಸ.

ಈಗ ಪೋರ್ಟುಗಳು. ನಮ್ಮದು ರಸ್ತೆಯ ಆಚೆ ಈಚೆ ಎರಡು ಕಟ್ಟಡ, ನಡುವೆ ಫೈರ್‌ವಾಲ್. ಹಳೆಯ ‘ಬಿಎಸ್‌ಡಿ’ ದೃಢೀಕರಣದಲ್ಲಿ ಯುಡಿಪಿ 10080ರಲ್ಲಿ ಮಾತು ಶುರುವಾಗಿ, ಡೇಟಾ, ಸಂದೇಶ, ಇಂಡೆಕ್ಸ್ ಎಂದು ಪ್ರತಿ ಡಂಪಿಗೂ ಬೇರೆ ಬೇರೆ ಟಿಸಿಪಿ ಸಂಪರ್ಕಗಳು ತೆರೆದುಕೊಳ್ಳುತ್ತವೆ. ‘ವಿತ್-ಟಿಸಿಪಿಪೋರ್ಟ್‌ರೇಂಜ್’ಗೆ 50000ದಿಂದ 50100, ‘ವಿತ್-ಯುಡಿಪಿಪೋರ್ಟ್‌ರೇಂಜ್’ಗೆ 840ರಿಂದ 860 ಕೊಟ್ಟು ಫೈರ್‌ವಾಲಿನಲ್ಲಿ ಅಷ್ಟನ್ನೇ ಬಿಡಿಸಿದೆ. ಯುಡಿಪಿಯದು 1024ರ ಕೆಳಗೇ ಇರಬೇಕು, ಇಲ್ಲವಾದರೆ ಪೋರ್ಟ್ ಸುರಕ್ಷಿತವಲ್ಲ ಎಂದು ಎದುರಿನ ಯಂತ್ರ ಬಾಗಿಲು ಹಾಕುತ್ತದೆ. ಟಿಸಿಪಿಯದು ಮೇಲೆಯೇ ಇರಬೇಕು. ಇಷ್ಟಾದರೂ ದೊಡ್ಡ ಡಂಪುಗಳು ಆಚೆಯ ಕಟ್ಟಡದಿಂದ ಅರ್ಧರಾತ್ರಿಯಲ್ಲಿ ಕಡಿದುಹೋಗುತ್ತಿದ್ದವು. ಸಂದೇಶದ ಸಂಪರ್ಕದಲ್ಲಿ ಬಹಳ ಹೊತ್ತು ಏನೂ ಹರಿಯದಿದ್ದರೆ ಫೈರ್‌ವಾಲ್ ಅದನ್ನು ಸತ್ತಿತೆಂದು ಎಣಿಸಿ ಮುಚ್ಚುತ್ತಿತ್ತು. ನೆಟ್‌ವರ್ಕ್ ನೋಡಿಕೊಳ್ಳುವವರು ಅಮಾಂಡಾವನ್ನು ದೂರಿದರು, ನಾನು ಪ್ಯಾಕೆಟ್ ಹಿಡಿದು ತೋರಿಸಿದೆ. ‘ವಿತ್-ಬಿಎಸ್‌ಡಿಟಿಸಿಪಿ-ಸೆಕ್ಯೂರಿಟಿ’ ಹಾಕಿ ಕಟ್ಟಿದ ಮೇಲೆ ಈ ಗೋಳೇ ಇಲ್ಲವಾಯಿತು. ಎಲ್ಲ ಹರಿವುಗಳೂ ಒಂದೇ ಟಿಸಿಪಿ ಸಂಪರ್ಕದಲ್ಲಿ ಸಾಗುತ್ತವೆ, ಫೈರ್‌ವಾಲಿನಲ್ಲಿ 10080 ಒಂದು ಸಾಕು. ಕಡತಗಳನ್ನು ವಾಪಸು ತರುವ ಅಮ್‌ರಿಕವರ್ ಎದುರು ದಿಕ್ಕಿನಿಂದ ಸರ್ವರಿಗೆ ಬರುತ್ತದೆ, ಆ ದಿಕ್ಕನ್ನೂ ತೆರೆಯುವುದನ್ನು ಮರೆಯಬೇಡಿ. ಎಸ್‌ಎಸ್‌ಎಚ್ ಮೂಲಕವೂ ಒಂದು ವಾರ ಓಡಿಸಿ ನೋಡಿದೆ. ಕೆಲಸ ಮಾಡುತ್ತದೆ, ಆದರೆ ನಮ್ಮ ಹಳೆಯ ಯಂತ್ರಗಳ ಪ್ರೊಸೆಸರುಗಳಿಗೆ ಗೂಢಲಿಪೀಕರಣ ಭಾರವಾಗಿ ವೇಗ ಅರ್ಧಕ್ಕೆ ಇಳಿಯಿತು. ಒಳಜಾಲಕ್ಕೆ ಅದು ಬೇಡವೆಂದು ಕೈಬಿಟ್ಟೆ.

ಕ್ಲೈಂಟ್ ಯಂತ್ರಗಳಿಗೆ ‘ವಿತೌಟ್-ಸರ್ವರ್’ ಕೊಟ್ಟು ಕಟ್ಟಿದರೆ ಚಿಕ್ಕದಾಗಿರುತ್ತದೆ. ರೀಡ್‌ಲೈನ್ ಡೆವಲಪ್‌ಮೆಂಟ್ ಪ್ಯಾಕೇಜ್ ಮೊದಲೇ ಹಾಕಿಕೊಳ್ಳಿ, ಇಲ್ಲವಾದರೆ ಅಮ್‌ರಿಕವರಿನಲ್ಲಿ ಮೇಲಿನ ಬಾಣದ ಕೀ ಒತ್ತಿದರೆ ಏನೂ ಬರುವುದಿಲ್ಲ. ಕಡತ ಕಳೆದುಕೊಂಡವರು ಪಕ್ಕದಲ್ಲಿ ನಿಂತು ಉಸಿರು ಬಿಡುತ್ತಿರುವಾಗ ಹಿಂದಿನ ಆಜ್ಞೆ ಮರಳಿ ಬರುವುದು ದೊಡ್ಡ ಸೌಕರ್ಯ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. 24 ಸ್ಲಾಟಿನ ಎಲ್‌ಟಿಒ-5 (ಎಲ್‌ಟಿಒ ಟೇಪಿನ ಐದನೇ ಪೀಳಿಗೆ) ಲೈಬ್ರರಿ, ಅಂದರೆ ಟೇಪುಗಳನ್ನು ತಾನೇ ಬದಲಿಸುವ ಪೆಟ್ಟಿಗೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆಯಿಂದ ಸೆಕೆಂಡ್ ಹ್ಯಾಂಡ್, ಚೌಕಾಸಿಯ ನಂತರ 65 ಸಾವಿರದ ಸುಮಾರಿಗೆ ಬಂತು. ಅದನ್ನು ಸರ್ವರಿಗೆ ಜೋಡಿಸುವ ಎಸ್‌ಎಎಸ್ ಕಾರ್ಡು, ಕೇಬಲ್ ಸೇರಿ ಆರು ಸಾವಿರ. ಟೇಪುಗಳು ಇಪ್ಪತ್ತೆರಡು, ಒಂದಕ್ಕೆ 1,800 ರೂಪಾಯಿಯ ಆಸುಪಾಸು. ಕ್ಲೀನಿಂಗ್ ಕಾರ್ಟ್ರಿಜ್ ಬೇರೆ. ಒಟ್ಟು 1 ಲಕ್ಷ 15 ಸಾವಿರದೊಳಗೆ. ಮೊದಲು ಬಂದ ಡ್ರೈವ್ ನಾಲ್ಕಾರು ಟೇಪು ಬರೆಯುವಷ್ಟರಲ್ಲಿ ಓದುವ ದೋಷ ತೋರಿಸಿತು. ಮಾರಿದವರು ನಿಮ್ಮ ಟೇಪೇ ಕೆಟ್ಟದ್ದು ಎಂದರು. ಅದೇ ಟೇಪನ್ನು ಅವರ ಅಂಗಡಿಯಲ್ಲಿ ಬೇರೆ ಡ್ರೈವಿನಲ್ಲಿ ಓದಿಸಿ ತೋರಿಸಿದ ಮೇಲೆ ಬದಲಿ ಕೊಟ್ಟರು. ಹಳೆಯ ಡ್ರೈವ್ ಕೊಳ್ಳುವವರು ತಮ್ಮದೇ ಬರೆದ ಟೇಪೊಂದನ್ನು ಜೊತೆಗೆ ಒಯ್ಯಬೇಕು. ಡ್ರೈವ್ ಮನೆಗೆ ಬರುವ ಮೊದಲು ಆಯ್ಕೆಗಳನ್ನೆಲ್ಲ ಡಿಸ್ಕಿನ ಮೇಲಿನ ವರ್ಚುವಲ್ ಟೇಪುಗಳಲ್ಲಿ ಪರೀಕ್ಷಿಸಿ ಮುಗಿಸಿದ್ದೆ, ಅದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಎಲ್‌ಟಿಒ-5ರ ಮೂಲ ವೇಗ ಸೆಕೆಂಡಿಗೆ 140 ಮೆಗಾಬೈಟ್. ಗಿಗಾಬಿಟ್ ಜಾಲ ಎಷ್ಟು ಎಳೆದರೂ 110-120ರ ಆಸುಪಾಸಿಗೇ ನಿಲ್ಲುತ್ತದೆ. ನೇರವಾಗಿ ಟೇಪಿಗೆ ಹರಿಸಿದರೆ, ಹರಿವು ಬಹಳ ಇಳಿದಾಗಲೆಲ್ಲ ಡ್ರೈವ್ ಹಸಿದು ನಿಂತು, ಹಿಂದೆ ಸುತ್ತಿ, ಮತ್ತೆ ಓಡುತ್ತದೆ. ಆ ಸದ್ದು ಕೇಳಿದವರಿಗೆ ಹೊಟ್ಟೆ ಉರಿಯುತ್ತದೆ, ಟೇಪೂ ಸವೆಯುತ್ತದೆ. ಎರಡು ಹಳೆಯ ಡಿಸ್ಕುಗಳನ್ನು ಸ್ಟ್ರೈಪ್ ಮಾಡಿ ಹೋಲ್ಡಿಂಗ್ ಡಿಸ್ಕ್ ಕೊಟ್ಟೆ. ಡಂಪ್ ಅಲ್ಲಿ ಪೂರ್ತಿಯಾಗಿ ಇಳಿದ ಮೇಲೆ ಟೇಪಿಗೆ ಒಂದೇ ಓಟ. ಬ್ಲಾಕಿನ ಅಳತೆಯನ್ನು ಡಿವೈಸ್ ಪ್ರಾಪರ್ಟಿಯಲ್ಲಿ 32 ಕಿಲೋಬೈಟಿನಿಂದ 512ಕ್ಕೆ ಏರಿಸಿದಾಗ ಟೇಪಿನ ವೇಗ ಎಪ್ಪತ್ತು ಚಿಲ್ಲರೆಯಿಂದ 125ರ ಸುತ್ತಮುತ್ತ ಬಂತು. ಸಂಕುಚನದ ಮೇಲೂ ಬಹಳ ಆಟ ಆಡಿದೆ. ಸರ್ವರಿನಲ್ಲಿ ಜಿಜಿಪ್ ಹಾಕಿದರೆ ವೇಗ ಮೂವತ್ತಕ್ಕೆ ಕುಸಿಯಿತು, ಉಳಿದ ಜಾಗ ನೂರಕ್ಕೆ ಮೂರು ನಾಲ್ಕು. ನಮ್ಮ ಟಿಫ್ ಚಿತ್ರಗಳು ಆಗಲೇ ಎಲ್‌ಝಡ್‌ಡಬ್ಲ್ಯೂನಲ್ಲಿ ಅಡಕವಾಗಿರುತ್ತವೆ, ಮತ್ತೆ ಹಿಂಡಿದರೆ ಏನೂ ಇಳಿಯದು. ಎಲ್ಲ ಸಂಕುಚನವನ್ನೂ ಆರಿಸಿ, ಅಮ್‌ಟೇಪ್‌ಟೈಪ್ ಓಡಿಸಿ ಟೇಪಿನ ನಿಜವಾದ ಉದ್ದ (ಹಿಡಿಸುವ ಗಾತ್ರ) ಅಳೆದೆ. ಅದು ಗಂಟೆಗಟ್ಟಲೆ ಹಿಡಿಯುತ್ತದೆ, ಆದರೆ ಆ ಅಂಕಿ ಇಲ್ಲದೆ, ಯಾವ ರಾತ್ರಿ ಏನು ಎತ್ತಬೇಕೆಂದು ನಿರ್ಧರಿಸುವ ಪ್ಲಾನರ್ ಕುರುಡು.

ವಿಂಡೋಸ್ ಯಂತ್ರಗಳಿಗೆ ಹಂಚಿದ ಫೋಲ್ಡರುಗಳನ್ನು ಓದುವ ಎಸ್‌ಎಂಬಿ ಕ್ಲೈಂಟ್ ದಾರಿಯನ್ನೂ ಕಟ್ಟಿ ನೋಡಿದೆ. ಇನ್‌ಕ್ರಿಮೆಂಟಲ್ ಅಲ್ಲಿ ಕಡತ ಬದಲಾಗಿದೆಯೆಂದು ಸೂಚಿಸುವ ಆರ್ಕೈವ್ ಬಿಟ್ಟನ್ನು ನಂಬುತ್ತದೆ, ಸ್ಕ್ಯಾನರಿನ ತಂತ್ರಾಂಶ ಅದನ್ನು ತನ್ನಿಷ್ಟಕ್ಕೆ ಬದಲಿಸುತ್ತದೆ. ಆ ದಾರಿ ಬಿಟ್ಟು, ಆಪರೇಟರುಗಳು ನೇರವಾಗಿ ಸರ್ವರಿಗೇ ಉಳಿಸುವಂತೆ ಮಾಡಿದೆ. ಎಲ್‌ವಿಎಂ (ಡಿಸ್ಕಿನ ಜಾಗವನ್ನು ಬೇಕಾದಂತೆ ಭಾಗ ಮಾಡುವ ವ್ಯವಸ್ಥೆ) ಇರುವ ಒಂದು ಯಂತ್ರದಲ್ಲಿ ರೀಬೂಟಿನ ನಂತರ ಡಿವೈಸ್ ಸಂಖ್ಯೆ ಬದಲಾಗಿ ಟಾರ್ ಎಲ್ಲವನ್ನೂ ಹೊಸದೆಂದು ಎತ್ತುತ್ತಿತ್ತು. ಟಾರನ್ನು ನಡೆಸುವ ಅಮ್‌ಜಿಟಾರ್‌ನ ಚೆಕ್-ಡಿವೈಸ್ ಗುಣವನ್ನು ‘ನೋ’ ಮಾಡಿದೊಡನೆ ಶಾಂತವಾಯಿತು.

ಡಂಪ್‌ಸೈಕಲ್ (ಎಲ್ಲವೂ ಒಮ್ಮೆ ಪೂರ್ತಿಯಾಗಿ ಟೇಪಿಗೆ ಬರುವ ಅವಧಿ) ಒಂದು ವಾರ, ಅದರಲ್ಲಿ ಆರು ಓಟ, ಟೇಪ್‌ಸೈಕಲ್ (ಸರದಿಯಲ್ಲಿರುವ ಟೇಪುಗಳು) 20. ರಾತ್ರಿಗೆ ಒಂದು ಟೆರಾಬೈಟಿಗೆ ಸ್ವಲ್ಪ ಹೆಚ್ಚು, ಒಂದು ಟೇಪಿಗೆ ಸರಿಯಾಗಿ ಕೂರುತ್ತದೆ. ಆರೂ ರಾತ್ರಿ ಗಾತ್ರ ಹೆಚ್ಚುಕಡಿಮೆ ಒಂದೇ ಸಮ ಬರುವಂತೆ ಡಿಸ್ಕ್‌ಲಿಸ್ಟನ್ನು (ಎತ್ತಬೇಕಾದ ಡೈರೆಕ್ಟರಿಗಳ ಪಟ್ಟಿ) ಹೇಗೆ ಒಡೆದೆ, ಒಂದೇ ಡಿಸ್ಕಿನಿಂದ ಏಕಕಾಲಕ್ಕೆ ಎರಡು ಡಂಪ್ ಆಗದಂತೆ ಯಾವ ಯಂತ್ರಕ್ಕೆ ಯಾವ ಸ್ಪಿಂಡಲ್ ಸಂಖ್ಯೆ ಕೊಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಬಹಳ ರಾತ್ರಿಗಳು ಹೋಗಿವೆ, ಮತ್ತು ಆ ಕೆಲಸಕ್ಕೆ ಈಗ ಬೇರೆ ಎರಡು ಕಚೇರಿಗಳು ನನ್ನನ್ನು ಕರೆದಿವೆ.

ಅನುಮಾನಿಸಿದವರೆದುರು ಇನ್ನೊಂದು ಪರೀಕ್ಷೆ ಮಾಡಿ ತೋರಿಸಿದೆ. ಅಮಾಂಡಾವೇ ಇಲ್ಲದ ಲಿನಕ್ಸ್ ಯಂತ್ರಕ್ಕೆ ಡ್ರೈವ್ ಜೋಡಿಸಿ, ಟೇಪಿನಲ್ಲಿ ಮುಂದೆ ಸಾಗಿ, ಕಚ್ಚಾ ಬ್ಲಾಕುಗಳನ್ನು ಓದುವ ಡಿಡಿ ಆಜ್ಞೆಯಿಂದ ಡಂಪಿನ ಹೆಡರ್ (ಮೊದಲ ಬ್ಲಾಕ್) ಓದಿದೆ. ಈ ಡಂಪನ್ನು ಯಾವ ಆಜ್ಞೆಯಿಂದ ಬಿಚ್ಚಬೇಕು ಎಂದು ಅದರಲ್ಲೇ ಅಕ್ಷರಗಳಲ್ಲಿ ಬರೆದಿರುತ್ತದೆ. ಬ್ಲಾಕಿನ ಅಳತೆ ಬದಲಿಸಿದವರು ಡಿಡಿಗೂ ಅದೇ ಅಳತೆ ಕೊಡಬೇಕು. ಡಿಡಿ, ಟಾರ್ ಎರಡರಿಂದಲೇ ಚಿತ್ರಗಳು ಹೊರಬಂದವು. ಕೊಟೇಶನ್ ತಂದವರ ತಂತ್ರಾಂಶದಲ್ಲಿ ಪರವಾನಗಿ ಮುಗಿದ ಮೇಲೆ ಇದು ಸಾಧ್ಯವೇ ಎಂದು ಯಜಮಾನರು ಅವರನ್ನೇ ಕೇಳಿದರು. ಉತ್ತರ ಇನ್ನೂ ಬಂದಿಲ್ಲ.

ಮುಂದಿನ ಹೆಜ್ಜೆ ದೊಡ್ಡ ಡ್ರೈವ್. ಎಲ್‌ಟಿಒ-7 ಡ್ರೈವ್ ನಮ್ಮ 5ರ ಟೇಪುಗಳನ್ನು ಓದುತ್ತದೆ, 8 ಓದುವುದಿಲ್ಲ. ಆದ್ದರಿಂದ 7ರ ಬೇಟೆಯಲ್ಲಿದ್ದೇನೆ. ಮೂಲ ವೇಗ ಹೆಚ್ಚಿರುವುದರಿಂದ ಹೋಲ್ಡಿಂಗ್ ಡಿಸ್ಕನ್ನೂ ಎಸ್‌ಎಸ್‌ಡಿಗೆ ಬದಲಿಸಬೇಕಾಗುತ್ತದೆ, ಅದರ ದರಗಳನ್ನು ಈ ವಾರ ತರಿಸಿಕೊಳ್ಳುತ್ತಿದ್ದೇನೆ.