ಕೈಯಿಂದ ಓಡಿಸುವ ರೇಸ್ ಸೈಕಲ್: ಮೊದಲು ಮೈಯಳತೆ, ಕಾರ್ಬನ್ ಆಮೇಲೆ

ಕಾಲಿಗೆ ಶಕ್ತಿಯಿಲ್ಲದವರು ಕೈಯಿಂದ ತಿರುಗಿಸುತ್ತ ಹೋಗುವ ಮೂರು ಗಾಲಿ ಸೈಕಲ್ ನಮ್ಮ ಕಡೆ ಎಲ್ಲರೂ ಕಂಡದ್ದೇ. ಕುರ್ಚಿಯಷ್ಟು ಎತ್ತರದ ಸೀಟು, ತಿರುಗಿಸಲು ಒಂದು ಹಿಡಿಕೆ, ಗೇರಿನ ಸುದ್ದಿಯೇ ಇಲ್ಲ. ಸಂತೆಗೆ ಹೋಗಿಬರಲು ಅದು ಸಾಕು. ಹ್ಯಾಂಡ್‌ಸೈಕಲ್ ಅದರ ದೂರದ ನೆಂಟ. ನೆಲಕ್ಕೆ ಗೇಣೆತ್ತರದಲ್ಲಿ ಬೆನ್ನು ಒರಗಿಸಿಕೊಂಡು, ಎರಡೂ ಕೈಯಿಂದ ಪೆಡಲ್ ತಿರುಗಿಸುತ್ತ ರಸ್ತೆ ರೇಸ್ ಓಡಿಸುವ ಗಾಡಿ ಇದು. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಿಂದ ಇದಕ್ಕೂ ಪದಕ ಉಂಟು.

ನನ್ನ ಚಿಕ್ಕಪ್ಪನ ಮಗ ಕಬ್ಬಿನ ಟ್ರೇಲರ್ ಮೇಲಿಂದ ಬಿದ್ದು ಸೊಂಟದ ಕೆಳಗಿನ ಬಲ ಕಳೆದುಕೊಂಡವನು. ಯಾರೋ ಓಡಿಸಿ ಬಿಟ್ಟ ಹ್ಯಾಂಡ್‌ಸೈಕಲ್ ಒಂದನ್ನು ಅವನು ವಿಜಯಪುರಕ್ಕೆ ತರಿಸಿಕೊಂಡ. ಅದನ್ನು ಅವನ ಮೈಗೆ ಹೊಂದಿಸುವಷ್ಟರಲ್ಲಿ ಮೂರು ತಿಂಗಳು ಹೋದವು. ಆ ಮೂರು ತಿಂಗಳು ನಿಮಗೆ ಉಳಿಯಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

1. ಮಲಗುವುದೋ, ಮಂಡಿಯೂರುವುದೋ?

ಸ್ಪರ್ಧೆಯಲ್ಲಿ ಎಚ್1ರಿಂದ ಎಚ್5ರವರೆಗೆ ಐದು ವರ್ಗಗಳಿವೆ. ಅಂಕಿ ಚಿಕ್ಕದಾದಷ್ಟೂ ದೇಹದ ತೊಂದರೆ ಹೆಚ್ಚು. ಎಚ್1ರಿಂದ ಎಚ್4ರವರು ಮಲಗಿ ಓಡಿಸುತ್ತಾರೆ, ಎಚ್5ರವರು ಮಂಡಿಯೂರಿ. ಹೊಟ್ಟೆ, ಬೆನ್ನಿನ ಸ್ನಾಯುಗಳು ಗಟ್ಟಿಯಿದ್ದವರಿಗೆ ಮಂಡಿಯೂರುವ ಗಾಡಿ ಲಾಭ. ಇಡೀ ಮುಂಡದ ಭಾರ ಹಾಕಿ ಪೆಡಲ್ ಒತ್ತಬಹುದು. ಕಾರ್ ರೇಸಿನಲ್ಲಿ ಎರಡೂ ಕಾಲು ಕಳೆದುಕೊಂಡ ಇಟಲಿಯ ಅಲೆಕ್ಸ್ ಜನಾರ್ಡಿ 2012ರ ಲಂಡನ್‌ನಲ್ಲಿ ಎರಡು ಚಿನ್ನ ಗೆದ್ದದ್ದು ಹೀಗೆ ಮಂಡಿಯೂರಿಯೇ. ಮುಂಡದ ಮೇಲೆ ಹಿಡಿತವಿಲ್ಲದವರು ಮಲಗುವ ಗಾಡಿಯನ್ನೇ ನೋಡಬೇಕು.

2. ಕ್ರ್ಯಾಂಕ್ ಎಲ್ಲಿ ನಿಲ್ಲಬೇಕು?

ಕ್ರ್ಯಾಂಕ್ ಅಂದರೆ ಪೆಡಲ್ ಕೂತಿರುವ, ಕೈಯಿಂದ ತಿರುಗಿಸುವ ತೋಳು. ಅರ್ಧ ಕೆಲಸ ಇಲ್ಲೇ ಇದೆ. ನಾವು ಎಡವಿದ್ದೂ ಇಲ್ಲೇ. ಗಾಡಿಯ ಹಳೆಯ ಮಾಲೀಕ ಎತ್ತರದ ಆಳು ಇದ್ದಿರಬೇಕು, ಕ್ರ್ಯಾಂಕ್ ದೂರದಲ್ಲಿತ್ತು. ತಮ್ಮ ಅದನ್ನು ಹಾಗೇ ಓಡಿಸಿದ. ಹದಿನೈದು ದಿನಕ್ಕೆ ಬಲ ಭುಜ ಹಿಡಿದುಕೊಂಡಿತು. ರಾತ್ರಿ ಆ ಮಗ್ಗುಲಿಗೆ ಹೊರಳಲು ಆಗದಷ್ಟು. ವೀಲ್‌ಚೇರ್ ದೂಡುವವನಿಗೆ ಭುಜ ಕೆಟ್ಟರೆ ಮನೆಯೊಳಗಿನ ಓಡಾಟವೂ ನಿಂತಂತೆ. ಸೈಕಲ್ ಅಂಗಡಿಯ ಕಾಕಾ ಒಂದು ಸುತ್ತು ತಿರುಗಿಸೋದನ್ನು ನೋಡಿದವರೇ, "ಕೈ ಪೂರಾ ಚಾಚಾಕತ್ತೀಯಲ್ಲೋ ತಮ್ಮಾ, ಭುಜ ಹರಕೊಂಡು ಹೋಗ್ತೈತಿ" ಅಂದರು.

ಹೊಂದಿಸುವ ಬಗೆ ಹೀಗೆ. ಬೆನ್ನು ಸೀಟಿಗೆ ಪೂರ್ತಿ ತಾಗಿಸಿ ಕೂರಿಸಿ. ಪೆಡಲ್ ಅತಿ ದೂರಕ್ಕೆ ಹೋದಾಗ ಭುಜ ಸೀಟು ಬಿಟ್ಟು ಏಳಬಾರದು, ಮೊಣಕೈ ತುಸು ಬಾಗಿಯೇ ಇರಬೇಕು. ಹತ್ತಿರ ಬಂದಾಗ ಹಿಡಿಕೆ ಎದೆಗೆ, ಕೆಳಗಿಳಿದಾಗ ತೊಡೆಗೆ ತಾಗಬಾರದು. ಕ್ರ್ಯಾಂಕಿನ ನಡು ಭುಜದ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಬಂದರೆ ಸರಿ. ರೇಸಿನ ನಿಯಮದ ಪ್ರಕಾರ ಸವಾರನ ಕಣ್ಣು ಕ್ರ್ಯಾಂಕಿನ ಗೂಡಿಗಿಂತ ಮೇಲಿರಬೇಕು, ರಸ್ತೆ ಕಾಣದೆ ಓಡಿಸಬಾರದಲ್ಲ. ಟೇಪು ಹಿಡಿದು ಒಮ್ಮೆಗೆ ಒಂದೇ ಸೆಂಟಿಮೀಟರ್ ಸರಿಸಿ, ಎರಡು ದಿನ ಓಡಿಸಿ ನೋಡಿ. ನಾವು ಒಟ್ಟು ನಾಲ್ಕು ಸೆಂಟಿಮೀಟರ್ ಹತ್ತಿರ ತಂದೆವು. ಭುಜದ ನೋವು ತಾನಾಗಿ ಇಳಿಯಿತು.

3. ಎರಡೂ ಪೆಡಲ್ ಒಟ್ಟಿಗೆ ಯಾಕೆ?

ಕಾಲಿನ ಸೈಕಲ್‌ನಲ್ಲಿ ಒಂದು ಪೆಡಲ್ ಮೇಲಿದ್ದರೆ ಇನ್ನೊಂದು ಕೆಳಗೆ. ಇಲ್ಲಿ ಎರಡೂ ಜೋಡೆತ್ತಿನ ಹಾಗೆ ಒಟ್ಟಿಗೆ ತಿರುಗುತ್ತವೆ. ಕ್ರ್ಯಾಂಕ್, ಚೈನು, ಗೇರು ಎಲ್ಲ ಮುಂದಿನ ಗಾಲಿ ಹಿಡಿದ ಕವೆಯ, ಅಂದರೆ ಫೋರ್ಕಿನ ಮೇಲೇ ಕೂತಿವೆ, ಅದೇ ಫೋರ್ಕ್ ಹ್ಯಾಂಡಲ್ ಕೂಡ. ಒಂದು ಕೈ ನೂಕಿ ಇನ್ನೊಂದು ಎಳೆದರೆ ಪ್ರತಿ ಸುತ್ತಿಗೂ ಗಾಡಿ ಎಡಕ್ಕೆ ಬಲಕ್ಕೆ ಹಾವಿನಂತೆ ಹೊರಳೀತು. ಅದಕ್ಕೇ ಜೋಡಿ. ಫೋರ್ಕನ್ನು ನೇರಕ್ಕೆ ತಂದು ನಿಲ್ಲಿಸುವ ಸ್ಪ್ರಿಂಗ್ ಅಥವಾ ರಬ್ಬರ್ ಇದೆಯೇ ಅಂತಲೂ ನೋಡಿ.

4. ಗೇರಿನ ಲೆಕ್ಕ

ಕ್ರ್ಯಾಂಕಿನ ಹಲ್ಲುಚಕ್ರದ ಹಲ್ಲುಗಳನ್ನು ಗಾಲಿಯ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ, ಗಾಲಿಯ ಸುತ್ತಳತೆಯಿಂದ ಗುಣಿಸಿ. ಕೈ ಒಂದು ಸುತ್ತು ತಿರುಗಿಸಿದರೆ ಗಾಡಿ ಹೋಗುವ ದೂರ ಸಿಗುತ್ತದೆ. 26 ಇಂಚಿನ ಗಾಲಿಯ ಸುತ್ತಳತೆ ಸುಮಾರು 2 ಮೀಟರ್. 50 ಹಲ್ಲಿಗೆ 11 ಹಲ್ಲಾದರೆ ಒಂದು ಸುತ್ತಿಗೆ 9 ಮೀಟರ್. ನಿಮಿಷಕ್ಕೆ 90 ಸುತ್ತು ತಿರುಗಿಸಿದರೆ ಗಂಟೆಗೆ 49 ಕಿ.ಮೀ. ಅದೇ ಹಲ್ಲುಚಕ್ರಗಳನ್ನು 20 ಇಂಚಿನ ಗಾಲಿಗೆ ಹಾಕಿದರೆ ವೇಗ 37ರ ಆಸುಪಾಸಿಗೆ ಇಳಿಯುತ್ತದೆ. ಹೊಸಬರು ದೊಡ್ಡ ಗೇರಿಗೆ ಮರುಳಾಗುತ್ತಾರೆ. ಕೈಗೆ ಕಾಲಿನ ತಾಕತ್ತು ಇಲ್ಲ ಅನ್ನುವುದು ನೆನಪಿರಲಿ, ಏರಿಗೆ ಕ್ರ್ಯಾಂಕಿನಲ್ಲಿ 30, ಗಾಲಿಯಲ್ಲಿ 34 ಹಲ್ಲಿನಂಥ ಹಗುರ ಗೇರು ಬೇಕೇ ಬೇಕು. ಇನ್ನೊಂದು ಮಾತು: ಎಳೆಯುವುದು ಮುಂದಿನ ಗಾಲಿ, ಭಾರ ಕೂತಿರುವುದು ಹಿಂದೆ. ಕಡಿದಾದ ಏರಿನಲ್ಲಿ, ರಸ್ತೆಬದಿಯ ಗರಸಿನಲ್ಲಿ ಮುಂದಿನ ಗಾಲಿ ಜಾರುತ್ತದೆ. ಸೀಟು ತುಸು ಮುಂದೆ ಸರಿಸಿದರೆ ಹಿಡಿತ ಸಿಗುತ್ತದೆ.

ಚೈನು, ಕ್ಯಾಸೆಟ್ (ಗಾಲಿಯ ಹಲ್ಲುಚಕ್ರಗಳ ಗೊಂಚಲು) ಮಾಮೂಲಿ ರೋಡ್ ಸೈಕಲ್‌ನದ್ದೇ ಕೂರುವಂತಿರಲಿ.

5. ಗಾಲಿ, ಗಾಳಿ, ಜಾಲಿಮುಳ್ಳು

ಮಲಗಿ ಓಡಿಸುವುದರ ಗುಟ್ಟು ಗಾಳಿಗೆ ಎದೆ ಕೊಡದಿರುವುದು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಹಿಂದಿನ ಎರಡು ಗಾಲಿಗೆ ಕಡ್ಡಿಯ ಬದಲು ಮುಚ್ಚಿದ ಡಿಸ್ಕ್ ಹಾಕುವುದು. ಮುಂದಿನ ಗಾಲಿಗೆ ಮಾತ್ರ ನಮ್ಮ ಬಯಲುಸೀಮೆಯಲ್ಲಿ ಡಿಸ್ಕ್ ಬೇಡ ಅಂತ ನನ್ನ ಮತ. ಕೊಲ್ಹಾರದ ಸೇತುವೆ ಮೇಲೆ ಕೃಷ್ಣೆಯ ಕಡೆಯಿಂದ ಬೀಸುವ ಅಡ್ಡಗಾಳಿ ಹ್ಯಾಂಡಲನ್ನೇ ಕಿತ್ತುಕೊಳ್ಳುತ್ತದೆ.

ಕಾರ್ಬನ್ ಗಾಡಿ 10ರಿಂದ 13 ಕೆ.ಜಿ. ತೂಗಿದರೆ ಅಲ್ಯೂಮಿನಿಯಂ ಅದಕ್ಕಿಂತ ಮೂರ್ನಾಲ್ಕು ಕೆ.ಜಿ. ಹೆಚ್ಚು. ಸಪಾಟು ರಸ್ತೆಯಲ್ಲಿ ಆ ಭಾರ ಅಷ್ಟಾಗಿ ಕಾಡದು. ಕಾರ್ಬನ್ ಸೀಳಿತೋ, ಗಲ್ಲಿಯ ವೆಲ್ಡಿಂಗ್ ಅಂಗಡಿಯಲ್ಲಿ ಸರಿಯಾಗುವ ಮಾತಲ್ಲ. ಅಲ್ಯೂಮಿನಿಯಂ ಕೊಂಡು ಉಳಿದ ದುಡ್ಡಿಗೆ ಮುಳ್ಳು ತಡೆಯುವ ಟಯರ್ ಹಾಕಿಸಿ. ಮಲಗಿದವನಿಗೆ ಇಳಿದು ಪಂಕ್ಚರ್ ತೆಗೆಯಲಾಗದು. ಪಂಪು, ಫೋನು ಎರಡೂ ಕೈಗೆಟುಕುವಲ್ಲೇ ಇರಲಿ.

6. ಹೊರಡುವ ಮುನ್ನ

ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ಬೆಳಗಿನ ಏಳರೊಳಗೆ ಮನೆಗೆ ಬನ್ನಿ, ಮೈಮೇಲೆ ನೀರು ಚಿಮುಕಿಸಿಕೊಳ್ಳಲು ಬಾಟಲಿ ಇಟ್ಟುಕೊಳ್ಳಿ. ಸೀಟಿಗೆ ಮೆತ್ತೆ ಬೇಕು. ಸ್ಪರ್ಶ ಗೊತ್ತಾಗದ ಜಾಗದಲ್ಲಿ ಚರ್ಮ ಕೆಂಪಾಗಿದೆಯೇ ಅಂತ ಪ್ರತಿ ಸಲ ಕನ್ನಡಿ ಹಿಡಿದು ನೋಡಿ. ಒತ್ತುಹುಣ್ಣು ಎದ್ದರೆ ತಿಂಗಳುಗಟ್ಟಲೆ ಹಾಸಿಗೆ.

ಕೊನೆಗೆ ಬಾವುಟ. ಇಷ್ಟು ಕೆಳಗೆ ಮಲಗಿದವನು ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನ ಕಣ್ಣಿಗೆ ಬೀಳುವುದೇ ಇಲ್ಲ. ಆಳೆತ್ತರದ ಫೈಬರ್ ಕಡ್ಡಿ ಸಿಕ್ಕಿಸಿ, ತುದಿಗೆ ಕೆಂಪು ಬಟ್ಟೆ ಕಟ್ಟಿ. ಜೋಳದ ಹಸಿರಿನ ನಡುವೆ ಎದ್ದು ಕಾಣಬೇಕು. ತಮ್ಮನ ಗಾಡಿಗೆ ಚಿಕ್ಕಮ್ಮ ತನ್ನ ಹಳೆಯ ಇಳಕಲ್ ಸೀರೆಯ ಸೆರಗನ್ನೇ ಕತ್ತರಿಸಿ ಹೊಲಿದುಕೊಟ್ಟಿದ್ದಾಳೆ. ಇಂಡಿ ರಸ್ತೆಯಲ್ಲಿ ಅವನಿಗಿಂತ ಮೊದಲು ಕಾಣುವುದು ಅದೇ.